ಕರಿನೀರಿಗೆ ಹೋದ ಹೆಂಗಸನ್ನು ಕಾಗದದಲ್ಲಿ ಹುಡುಕುವ ಬಗೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಾಮ್ರದ ಕೊಡವಿದೆ. ಅದರ ಕಂಠದ ಕೆಳಗೆ ಚುಕ್ಕೆಚುಕ್ಕೆಯಾಗಿ ಕೊರೆಸಿದ್ದ ಹೆಸರನ್ನು ಯಾರೋ ಸುತ್ತಿಗೆಯಿಂದ ಬಡಿದು ಅಳಿಸಿದ್ದಾರೆ. ಮೊದಲ ಎರಡು ಅಕ್ಷರ ಮಾತ್ರ, ಕೊಡವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಈಗಲೂ ಓದಲಿಕ್ಕೆ ಬರುತ್ತವೆ. ಅದು ಯಾರದೆಂದು ಕೇಳಿದಾಗಲೆಲ್ಲ ನಮ್ಮ ಅಮ್ಮಮ್ಮ ಹೇಳುತ್ತಿದ್ದುದು ಒಂದೇ ಮಾತು: “ಅದು ಕರಿನೀರಿಗೆ ಹೋದ್ದಡ, ತಿರುಗಿ ಬಂಜಿಲ್ಲೆ.” ಎಂದರೆ, ಹೋಯಿತಂತೆ, ತಿರುಗಿ ಬರಲಿಲ್ಲ. ಹವ್ಯಕರ ಮನೆಮಾತಿನಲ್ಲಿ ಹೆಂಗಸನ್ನೂ ‘ಅದು’ ಎಂದೇ ಹೇಳುವುದರಿಂದ, ಹೋದದ್ದು ಇನ್ನೊಂದು ಕೊಡವೋ, ಕೊಡದ ಒಡತಿಯೋ ಎಂಬುದು ನನಗೆ ತಿಳಿಯುವಷ್ಟರಲ್ಲಿ ಕೆಲವು ವರ್ಷಗಳೇ ಕಳೆದಿದ್ದವು.

ಶಿರಸಿ, ಸಿದ್ದಾಪುರದ ಕಡೆಯಲ್ಲಿಯೂ ಕುಮಟಾ, ಅಂಕೋಲಾ, ಕಾರವಾರದ ಕರಾವಳಿಯಲ್ಲಿಯೂ ಇಂಥ ಅರ್ಧ ಮಾತು ಉಳಿದಿರುವ ಮನೆಗಳು ಇನ್ನೂ ಇವೆ. ಬ್ರಿಟಿಷರ ಕಾಲದಲ್ಲಿ ದ್ವೀಪಾಂತರ ಶಿಕ್ಷೆಯಾಗಿ ಕಡಲಾಚೆಗೆ ಸಾಗಿಸಲ್ಪಟ್ಟ ಹೆಂಗಸೊಬ್ಬಳ ಗುರುತನ್ನು ಸರಕಾರಿ ದಾಖಲೆಗಳಲ್ಲಿ ಹುಡುಕಬೇಕೆಂದು ಹೊರಟವರಿಗೆ ದಾರಿ ಹೇಳುವುದು ಈ ಬರಹದ ಉದ್ದೇಶ. ಮೊದಲೇ ಹೇಳಬೇಕಾದ ಮಾತೊಂದಿದೆ: ಅವಳ ಹೆಸರನ್ನು ಹಿಡಿದು ಹೊರಟರೆ ದಾರಿ ತಪ್ಪುವುದೇ ಹೆಚ್ಚು. ಇಸವಿಯನ್ನು ಹಿಡಿಯಬೇಕು, ಆಮೇಲೆ ಊರನ್ನು ಮತ್ತು ಕೋರ್ಟನ್ನು, ಆಮೇಲೆ ಅವಳ ಹೆಸರಿನ ಪಕ್ಕದಲ್ಲಿ ಬರೆದಿರುವ ಗಂಡಸಿನ ಹೆಸರನ್ನು. ಅವಳ ಸ್ವಂತ ಹೆಸರು ಎಲ್ಲಕ್ಕಿಂತ ಕೊನೆಗೆ ಉಪಯೋಗಕ್ಕೆ ಬರುತ್ತದೆ.

ಅಂತರ್ಜಾಲದಲ್ಲಿ ಇಂಗ್ಲಿಷಿನಲ್ಲಿ ಸಿಗುವ ಮಾರ್ಗದರ್ಶಿಗಳನ್ನು ಓದಿಕೊಂಡು ಹೊರಡುವವರಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅವು ಬಹುಪಾಲು ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ಹೋದ ಕೈದಿಗಳ ವಂಶಸ್ಥರಿಗಾಗಿ ಬರೆದವು. 1788ರಿಂದ 1868ರವರೆಗೆ ಅಲ್ಲಿಗೆ ಸಾಗಿಸಲ್ಪಟ್ಟ ಸುಮಾರು 1,62,000 ಕೈದಿಗಳಲ್ಲಿ ಹೆಂಗಸರು ಸುಮಾರು 25,000. ಅವರ ಹಡಗು, ಎತ್ತರ, ಕಣ್ಣಿನ ಬಣ್ಣ, ಯಾರ ಮನೆಯಲ್ಲಿ ಕೆಲಸಕ್ಕಿದ್ದರು, ಯಾವಾಗ ಮದುವೆಯಾದರು ಎಂಬುದೆಲ್ಲ ಹೆಸರಿನ ಸೂಚಿಯೊಡನೆ ದೊರೆಯುತ್ತದೆ. 1841ರಲ್ಲಿ ‘ರಾಜಾ’ ಎಂಬ ಹಡಗಿನಲ್ಲಿ ಟಾಸ್ಮೇನಿಯಾಕ್ಕೆ ಹೋದ ಹೆಂಗಸರು ದಾರಿಯಲ್ಲಿ ಕುಳಿತು ಹೊಲಿದ ಕೌದಿ ಕೂಡ ಇಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಹೋದ ಹೆಂಗಸಿಗೆ ಅಂಥ ಸೂಚಿಯಿಲ್ಲ. ಹೆಸರು ಟೈಪು ಮಾಡಿ ಕಾಯುವ ಪದ್ಧತಿ ಇಲ್ಲಿ ನಡೆಯುವುದಿಲ್ಲವೆಂದು ಮೊದಲೇ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬೇಕು.

ಇಸವಿಯನ್ನು ಕಟ್ಟಿಕೊಳ್ಳುವುದು

ಮನೆಯ ಹಿರಿಯರನ್ನು ಕೇಳುವಾಗ “ಅವಳು ಏನು ಮಾಡಿದಳು” ಎಂದು ಆರಂಭಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. “ಆ ವರ್ಷ ಮನೆಯಲ್ಲಿ ಇನ್ನೇನಾಯಿತು” ಎಂದು ಕೇಳಬೇಕು. ಯಾರ ಉಪನಯನವಾಯಿತು, ಯಾವ ತೋಟ ಹಿಸೆಯಾಯಿತು, ಯಾವ ಮಗು ಹುಟ್ಟಿತು ಎಂಬುದು ನೆನಪಿರುತ್ತದೆ. ನನ್ನ ಅನುಭವದಲ್ಲಿ ಮೂಲಮನೆಯಲ್ಲಿ ಉಳಿದವರಿಗಿಂತ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಕಡೆಯವರು ಇಂಥ ಸಂಗತಿಯನ್ನು ಹೆಚ್ಚು ಹೇಳುತ್ತಾರೆ. ಮಾನದ ಭಾರ ಹೊತ್ತವರು ಮೂಲಮನೆಯವರು. ಹೊರಗೆ ಹೋದವರಿಗೆ ಅದು ಕತೆ ಮಾತ್ರ.

ಹಿರಿಯರು ಇಸವಿ ಹೇಳದೆ ಸಂವತ್ಸರ ಹೇಳಿದರೆ ಅದು ಬಹಳ ಒಳ್ಳೆಯ ಸುಳಿವು. ಸಂವತ್ಸರದ ಚಕ್ರ ಅರವತ್ತು ವರ್ಷದ್ದಾದ್ದರಿಂದ ಒಂದು ಹೆಸರಿಗೆ ಎರಡೋ ಮೂರೋ ಇಸವಿಗಳು ಹೊಂದುತ್ತವೆ: ಧಾತು ಎಂದರೆ 1816, 1876 ಅಥವಾ 1936ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ, ಶಾರ್ವರಿ ಎಂದರೆ 1840 ಅಥವಾ 1900. ಯಾವ ಸುತ್ತೆಂಬುದನ್ನು ತಲೆಮಾರು ಎಣಿಸಿ ನಿರ್ಧರಿಸಬೇಕು. ‘ಧಾತು ಈಶ್ವರದ ಬರ’ ಎಂದು ಘಟ್ಟದ ಮೇಲಿನವರು ನೆನೆಯುವ 1876–78ರ ಬರಗಾಲ, 1896ರ ನಂತರದ ಪ್ಲೇಗು, 1918ರ ಇನ್‌ಫ್ಲುಯೆಂಜಾ ಇವು ಮೂರೂ ಈ ಕೆಲಸದಲ್ಲಿ ಗಡಿಕಲ್ಲುಗಳಿದ್ದಂತೆ. “ಪ್ಲೇಗಿಗಿಂತ ಮೊದಲು” ಎಂಬ ಒಂದು ಮಾತು ನಿಮ್ಮ ಹುಡುಕಾಟದಿಂದ ಹತ್ತಾರು ಸಂಪುಟಗಳನ್ನು ಕಡಿಮೆ ಮಾಡಬಲ್ಲದು.

ಇನ್ನೊಂದು ಸುಳಿವು ಶ್ರಾದ್ಧದ ಲೆಕ್ಕದಲ್ಲಿರುತ್ತದೆ. ಮನೆಯ ಹೆಂಗಸೊಬ್ಬಳಿಗೆ ತಿಥಿಯೇ ಇಲ್ಲದಿದ್ದರೆ, ಅಥವಾ ಬದುಕಿರುವಾಗಲೇ ಘಟಶ್ರಾದ್ಧ ಮಾಡಿ ಕುಲದಿಂದ ಹೊರಗೆ ಹಾಕಿದ ನೆನಪಿದ್ದರೆ, ಅವಳ ಸಾವು ಊರಿನಲ್ಲಿ ಆಗಲಿಲ್ಲವೆಂದು ತಿಳಿಯಬಹುದು. ಆದರೆ ತಿಥಿಯಿಲ್ಲದ ಹೆಂಗಸರೆಲ್ಲರೂ ಅಂಡಮಾನಿಗೆ ಹೋದವರಲ್ಲ. ಕಾಶಿಗೆ ಹೋದವರೂ ಇದ್ದಾರೆ, ಬಾವಿಗೆ ಬಿದ್ದವರೂ ಇದ್ದಾರೆ. ಹಾಗೆಯೇ 1930ರ ದಶಕದ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರ, ಶಿರಸಿಯ ಹೆಂಗಸರು ಜೈಲಿಗೆ ಹೋದದ್ದು ಇದಕ್ಕೆ ಸಂಬಂಧವಿಲ್ಲದ ಬೇರೆಯೇ ವಿಷಯ; ಅವರ ದಾಖಲೆಯೂ ಬೇರೆ, ಅವರ ಬಗ್ಗೆ ಮನೆಯವರು ಮುಚ್ಚಿಡುವುದೂ ಇಲ್ಲ.

1862ರ ಗೆರೆ

ಇಸವಿ ಅಂದಾಜಿಗೆ ಸಿಕ್ಕ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಘಟನೆ 1862ಕ್ಕಿಂತ ಹಿಂದಿನದೋ, ಈಚಿನದೋ? ಟಿಪ್ಪುವಿನ ಪತನದ ನಂತರ, 1799ರಿಂದ, ಕೆನರಾ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು ಮತ್ತು ಅದರ ಮುಖ್ಯ ಕಚೇರಿ ಮಂಗಳೂರಿನಲ್ಲಿತ್ತು. ಉತ್ತರ ಭಾಗವನ್ನು ಬೇರ್ಪಡಿಸಿ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ ಕಾರವಾರ ಜಿಲ್ಲೆಯ ಮುಖ್ಯಸ್ಥಳವಾಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬರುವವರೆಗೂ ಈ ವ್ಯವಸ್ಥೆಯೇ ಮುಂದುವರಿಯಿತು. ಆದ್ದರಿಂದ ಮೊದಲಿನ ಕಾಲದ ಕಾಗದ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿದೆ. ನಂತರದ್ದು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿದೆ. ಬೆಂಗಳೂರಿಗೆ ಹೋಗುವ ಅಗತ್ಯ ಈ ವಿಷಯಕ್ಕೆ ಬಹಳ ಕಡಿಮೆ. ಕನ್ನಡನಾಡಿನ ಹೆಂಗಸನ್ನು ಚೆನ್ನೈಯಲ್ಲೋ ಮುಂಬಯಿಯಲ್ಲೋ ಹುಡುಕಬೇಕೆಂಬುದು ವಿಚಿತ್ರವೆನಿಸಿದರೂ ಆ ಜಿಲ್ಲೆಯನ್ನು ಆಳಿದ ಕಚೇರಿಗಳು ಅಲ್ಲಿದ್ದವು.

ಈ ಗೆರೆಯನ್ನು ಲಕ್ಷಿಸದೆ ನಾನು ಕಳೆದುಕೊಂಡ ದಿನಗಳನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ಹೊನ್ನಾವರದ ಕಡೆಯ ಸ್ನೇಹಿತರೊಬ್ಬರ ಮನೆತನದ ಸಂಗತಿಯೊಂದನ್ನು ಹುಡುಕಲು ಮುಂಬಯಿಯಲ್ಲಿ ಮೂರು ದಿನ ಕುಳಿತೆ. ಅವರ ಮನೆಯವರು ಹೇಳಿದ್ದು ಸಿದ್ಧಾರ್ಥಿ ಸಂವತ್ಸರ. ನಾನು ಅದನ್ನು 1919 ಎಂದು ಹಿಡಿದಿದ್ದೆ. ಮೂರನೆಯ ದಿನ ಸಂಜೆ ವಸತಿಗೃಹದಲ್ಲಿ ಚಹಾ ಕುಡಿಯುತ್ತ ತಲೆಮಾರುಗಳನ್ನು ಬೆರಳಿನಲ್ಲಿ ಎಣಿಸಿದಾಗ ಅದು 1859 ಆಗಿರಲೇಬೇಕೆಂದು ತಿಳಿಯಿತು. ಅಂದರೆ ಚೆನ್ನೈ. ಅರವತ್ತು ವರ್ಷದ ತಪ್ಪು ಒಂದು ಸಾವಿರ ಕಿಲೋಮೀಟರಿನ ತಪ್ಪಾಗಿತ್ತು.

ಈ ಗೆರೆ ಅವಳು ಹೋದ ಜಾಗವನ್ನೂ ಹೆಚ್ಚುಕಡಿಮೆ ನಿರ್ಧರಿಸುತ್ತದೆ. ‘ಕರಿನೀರು’ ಎಂದೊಡನೆ ನಾವು ಅಂಡಮಾನ್ ಎಂದುಕೊಳ್ಳುತ್ತೇವೆ. ಆದರೆ ಪೋರ್ಟ್ ಬ್ಲೇರಿನ ಕೈದಿಗಳ ನೆಲೆ ಆರಂಭವಾದದ್ದು 1858ರ ಮಾರ್ಚ್ 10ರಂದು, ಡಾಕ್ಟರ್ ವಾಕರ್ ಎಂಬ ಅಧಿಕಾರಿ 200 ಕೈದಿಗಳೊಂದಿಗೆ ಅಲ್ಲಿಗೆ ಬಂದಿಳಿದಾಗ. ಅದಕ್ಕಿಂತ ಹಿಂದೆ ಭಾರತದ ಕೈದಿಗಳನ್ನು ಕಳುಹಿಸುತ್ತಿದ್ದ ಸ್ಥಳಗಳು ಸುಮಾತ್ರಾದ ಬೆಂಕೂಲೆನ್, ಪಿನಾಂಗ್, ಮಲಕ್ಕಾ, ಸಿಂಗಪುರ, ಬರ್ಮಾದ ತೆನಸೆರಿಂ ಮತ್ತು ಮಾರಿಷಸ್. ಬೆಂಕೂಲೆನ್ 1825ರಲ್ಲಿ ಡಚ್ಚರ ಪಾಲಾದುದರಿಂದ ಅಲ್ಲಿದ್ದ ಕೈದಿಗಳನ್ನು ಪಿನಾಂಗ್ ಮತ್ತು ಸಿಂಗಪುರಕ್ಕೆ ಸಾಗಿಸಲಾಯಿತು. ಮಾರಿಷಸ್ಸಿಗೆ 1815ರಿಂದ ಎರಡು ದಶಕ ಹೋದ ಭಾರತೀಯ ಕೈದಿಗಳಲ್ಲಿ ಹೆಂಗಸರು ಬೆರಳೆಣಿಕೆಯಷ್ಟೇ; ಅವರು ಹೋದದ್ದು ಬಂಗಾಳ ಮತ್ತು ಮುಂಬಯಿ ಪ್ರಾಂತ್ಯಗಳಿಂದಾದ್ದರಿಂದ, ಆ ಕಾಲದಲ್ಲಿ ಮದ್ರಾಸಿಗೆ ಸೇರಿದ್ದ ನಮ್ಮ ಜಿಲ್ಲೆಯವರು ಆ ದಿಕ್ಕಿನಲ್ಲಿ ಕಾಲಹರಣ ಮಾಡಬೇಕಾಗಿಲ್ಲ. ಸಿಂಗಪುರದ ಕೈದಿಗಳ ನೆಲೆ 1873ರಲ್ಲಿ ಮುಚ್ಚಿತು. ಹೀಗಾಗಿ 1840ರಲ್ಲಿ ಕುಮಟೆಯಿಂದ ಹೋದವಳನ್ನು ಅಂಡಮಾನಿನ ಪಟ್ಟಿಯಲ್ಲಿ ಹುಡುಕುವುದು ವ್ಯರ್ಥ. 1880ರಲ್ಲಿ ಹೋದವಳನ್ನು ಸಿಂಗಪುರದಲ್ಲಿ ಹುಡುಕುವುದು ಇನ್ನೂ ವ್ಯರ್ಥ.

ಹೆಸರು ಎಂಬ ತೊಡಕು

ಜಿಲ್ಲೆಯ ಹೆಸರಿನಿಂದಲೇ ತೊಡಕು ಆರಂಭವಾಗುತ್ತದೆ. ಮದ್ರಾಸಿನವರು ಕೆನರಾವನ್ನು ಇಂಗ್ಲಿಷಿನ ‘ಸಿ’ ಅಕ್ಷರದಿಂದ ಬರೆಯುತ್ತಿದ್ದರು. ಮುಂಬಯಿಯವರು ಸಾಮಾನ್ಯವಾಗಿ ‘ಕೆ’ಯಿಂದ ಬರೆದರು, ಅದೂ ಅನೇಕ ಸಲ ‘ಉತ್ತರ’ ಎಂಬ ಮಾತಿಲ್ಲದೆ ಬರಿಯ ಕೆನರಾ ಎಂದು, ಏಕೆಂದರೆ ಅವರ ಪ್ರಾಂತ್ಯದಲ್ಲಿ ಇದ್ದ ಕೆನರಾ ಅದೊಂದೇ. 1883ರಲ್ಲಿ ಅಚ್ಚಾದ ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ 15ನೆಯ ಸಂಪುಟದ ಹೆಸರೂ ಹಾಗೆಯೇ ಇದೆ. ಕಾರವಾರಕ್ಕೂ ಇದೇ ಎರಡು ಅಕ್ಷರಗಳ ಗೊಂದಲವಿದೆ. ಹೊನ್ನಾವರವನ್ನು ‘ಹೊನೋರ್’ ಎಂದೂ ಸೋಂದೆಯನ್ನು ‘ಸೂಂಡಾ’ ಎಂದೂ ಸೂಪಾವನ್ನು ಎರಡು ‘ಓ’ ಹಾಕಿಯೂ ಕುಮಟೆಯನ್ನು ನಡುವೆ ಒಂದು ‘ಪಿ’ ಸೇರಿಸಿ ‘ಕೂಂಪ್ಟಾ’ ಎಂದೂ ಬರೆದಿರುತ್ತಾರೆ. ಹುಡುಕಲು ಕೂರುವ ಮೊದಲು ನಿಮ್ಮ ಊರು, ತಾಲೂಕು, ಜಿಲ್ಲೆ ಮೂರಕ್ಕೂ ಹೊಂದಬಹುದಾದ ಎಲ್ಲ ಬರಹಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಎದುರಿಗೆ ಇಟ್ಟುಕೊಳ್ಳಿ. ಸೂಚಿಯನ್ನು ಕಣ್ಣಾಡಿಸುವಾಗ ಆ ಹಾಳೆ ಕೈದೀಪದಂತೆ ಕೆಲಸ ಮಾಡುತ್ತದೆ.

ಹೆಂಗಸಿನ ಹೆಸರಿನಲ್ಲಿ ನಿಜವಾದ ಬೀಗದ ಕೈ ಎಂದರೆ ‘ಕೋಂ’ ಎಂಬ ಪುಟ್ಟ ಶಬ್ದ. ಮುಂಬಯಿ ಕರ್ನಾಟಕದ ಹಳೆಯ ಜಮೀನು ಕಾಗದಗಳನ್ನು ನೋಡಿದವರಿಗೆ ಇದು ಹೊಸತಲ್ಲ: ಗಂಡಸಿನ ಹೆಸರಿನ ಮುಂದೆ ‘ಬಿನ್’ ಹಾಕಿ ತಂದೆಯ ಹೆಸರು, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಹಾಕಿ ಗಂಡನ ಹೆಸರು. ಇಂಗ್ಲಿಷ್ ದಾಖಲೆಗಳಲ್ಲಿಯೂ ಆ ಶಬ್ದವನ್ನು ಅನುವಾದಿಸದೆ ಹಾಗೆಯೇ ಇಟ್ಟಿರುವುದುಂಟು. ಗಂಗಾ, ನಾಗಿ, ದೇವಿ, ಸಾವಿತ್ರಿ ಎಂಬಂಥ ಹೆಸರುಗಳು ಒಂದೊಂದು ಸೂಚಿಯಲ್ಲಿ ಹತ್ತಾರು ಸಿಗುತ್ತವೆ. ‘ಕೋಂ’ ನಂತರದ ಹೆಸರು, ಅದರ ಹಿಂದೆ ಅಂಟಿರುವ ಹೆಗಡೆ, ಭಟ್ಟ, ನಾಯ್ಕ, ಗೌಡ, ಅಂಬಿಗ ಎಂಬ ಗುರುತು, ಮತ್ತು ಊರು ಇವು ಮೂರೂ ಒಟ್ಟಿಗೆ ಹೊಂದಿದಾಗ ಮಾತ್ರ ನಿಮ್ಮವಳೆಂದು ತಿಳಿಯಬೇಕು. ಗಂಡ ಸತ್ತು ಎಷ್ಟೋ ವರ್ಷಗಳಾದ ವಿಧವೆಯ ಹೆಸರಿನಲ್ಲಿಯೂ ಈ ‘ಕೋಂ’ ಉಳಿದಿರುತ್ತದೆ. ಗಂಡನನ್ನೇ ಕೊಂದ ಆರೋಪವಿದ್ದ ಪ್ರಕರಣದಲ್ಲಿ ‘ಕೋಂ’ ನಂತರದ ಹೆಸರೂ ಕೊಲೆಯಾದವನ ಹೆಸರೂ ಒಂದೇ ಆಗಿರುತ್ತದೆ: ಆರೋಪಿಯ ಹೆಸರನ್ನು ತಪ್ಪಾಗಿ ಓದಿದ ಗುಮಾಸ್ತನೂ ಸತ್ತವನ ಹೆಸರನ್ನು ಸರಿಯಾಗಿ ಬರೆದಿರಬಹುದಾದ್ದರಿಂದ, ಅವನ ಹೆಸರಿನಿಂದಲೂ ಸೂಚಿಯನ್ನು ನೋಡಿ.

ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ನಮ್ಮ ಜಿಲ್ಲೆಯ ಹಲವು ಸಮುದಾಯಗಳಲ್ಲಿತ್ತು. ಕೋರ್ಟಿನವರು ಬರೆದದ್ದು ಗಂಡನ ಮನೆಯ ಹೆಸರು. ತವರಿನವರು ನೆನೆಯುವುದು ಹುಟ್ಟಿನ ಹೆಸರು. ನಮ್ಮ ಕೊಡದ ಮೇಲೆ ಉಳಿದಿರುವ ಎರಡು ಅಕ್ಷರಗಳು ‘ಭಾಗೀ’. ತವರಿನಿಂದ ಬಂದ ಪಾತ್ರೆಯಾದ್ದರಿಂದ ಅದು ಅವಳ ಹುಟ್ಟಿನ ಹೆಸರು. ನಾನು ಮೊದಲ ಎರಡು ವರ್ಷ ಭಾಗೀರಥಿಯರ ಹಿಂದೆ ಹೋದದ್ದು ಅದಕ್ಕಾಗಿಯೇ ನಿಷ್ಫಲವಾಯಿತು. ಪಾತ್ರೆ, ಪೆಟ್ಟಿಗೆ, ಪಂಚಾಂಗದ ಅಂಚು, ಜಾತಕದ ಓಲೆ ಇವುಗಳಿಂದ ಸಿಕ್ಕ ಹೆಸರನ್ನು ‘ತವರಿನ ಹೆಸರು’ ಎಂದು ಬೇರೆಯೇ ಬರೆದಿಡಬೇಕು.

ಅಪರಾಧ ಮತ್ತು ಕೋರ್ಟು

ಭಾರತ ದಂಡಸಂಹಿತೆ ಜಾರಿಗೆ ಬಂದದ್ದು 1862ರ ಜನವರಿ 1ರಂದು, ಅಂದರೆ ನಮ್ಮ ಜಿಲ್ಲೆ ಮುಂಬಯಿಗೆ ಸೇರಿದ ವರ್ಷವೇ. ಅಲ್ಲಿಂದ ಮುಂದಿನ ದಾಖಲೆಗಳಲ್ಲಿ ಕಲಮಿನ ಸಂಖ್ಯೆ ಇರುತ್ತದೆ. ದ್ವೀಪಾಂತರ ಶಿಕ್ಷೆಗೆ ಒಳಗಾದ ಹೆಂಗಸರಲ್ಲಿ ಹೆಚ್ಚಿನವರ ಮೇಲಿದ್ದದ್ದು ಕೊಲೆಯ 302ನೆಯ ಕಲಮು, ಮತ್ತು ಕೊಲೆಯಾದದ್ದು ಬಹಳ ಸಲ ಗಂಡ, ಇಲ್ಲವೇ ಆಗತಾನೇ ಹುಟ್ಟಿದ ಮಗು. ಶಿಶುವಿನ ಜನನವನ್ನು ಮುಚ್ಚಿಟ್ಟದ್ದಕ್ಕೆ 318, ಮಗುವನ್ನು ಬಿಟ್ಟುಹೋದದ್ದಕ್ಕೆ 317 ಎಂಬ ಬೇರೆ ಕಲಮುಗಳಿದ್ದವು. 318ಕ್ಕೆ ದ್ವೀಪಾಂತರ ವಿಧಿಸಲು ಬರುತ್ತಿರಲಿಲ್ಲ. ನಿಮಗೆ ಸಿಕ್ಕ ಕಾಗದದಲ್ಲಿ 318 ಎಂದಷ್ಟೇ ಇದ್ದರೆ ಆ ಹೆಂಗಸು ಕಡಲು ದಾಟಿರಲಾರಳು, ಬೇರೆ ಯಾರನ್ನೋ ನೀವು ನೋಡುತ್ತಿದ್ದೀರಿ.

ಈ ಮಾತನ್ನು ಸ್ವಲ್ಪ ನಿಂತು ಹೇಳಬೇಕು. ವಿಧವಾ ಪುನರ್ವಿವಾಹದ ಕಾಯ್ದೆ 1856ರಲ್ಲಿಯೇ ಬಂದಿದ್ದರೂ ತಲೆ ಬೋಳಿಸಿಕೊಂಡು ಕೆಂಪು ಸೀರೆಯುಟ್ಟು ಅಡುಗೆಮನೆಯ ಮೂಲೆಯಲ್ಲಿ ಬದುಕಬೇಕಾಗಿದ್ದ ಹರೆಯದ ಮಡಿಹೆಂಗಸಿಗೆ ಅದರಿಂದ ಆದ ಪ್ರಯೋಜನ ಅತ್ಯಲ್ಪ. ಅವಳು ಬಸುರಾದರೆ ಅವಳಿಗೆ ಉಳಿದ ದಾರಿಗಳು ಎರಡೋ ಮೂರೋ, ಅವುಗಳಲ್ಲಿ ಒಂದು ಸೆಷನ್ಸ್ ಕೋರ್ಟಿನಲ್ಲಿ ಮುಗಿಯುತ್ತಿತ್ತು. 1881ರಲ್ಲಿ ಇದೇ ಮುಂಬಯಿ ಪ್ರಾಂತ್ಯದ ಸೂರತ್ತಿನಲ್ಲಿ ವಿಜಯಲಕ್ಷ್ಮಿ ಎಂಬ ಬ್ರಾಹ್ಮಣ ವಿಧವೆಗೆ ಶಿಶುಹತ್ಯೆಗಾಗಿ ಗಲ್ಲು ವಿಧಿಸಲಾಯಿತು. ಮೇಲ್ಮನವಿಯಲ್ಲಿ ಅದು ಆಜೀವ ದ್ವೀಪಾಂತರವಾಯಿತು, ಕೊನೆಗೆ ಐದು ವರ್ಷಕ್ಕೆ ಇಳಿಯಿತು. ಅಂದಿನ ಪತ್ರಿಕೆಗಳಲ್ಲಿ ಅದು ದೊಡ್ಡ ಚರ್ಚೆಯಾದ್ದರಿಂದ ನಮಗೆ ಅವಳ ಹೆಸರು ಗೊತ್ತು. ಆದರೆ ಅದರಿಂದ ಕಲಿಯಬೇಕಾದ ಕೆಲಸದ ಮಾತು ಬೇರೆ: ಶಿಕ್ಷೆ ಹಂತಹಂತವಾಗಿ ಬದಲಾಗುತ್ತಿತ್ತು, ಪ್ರತಿ ಹಂತದಲ್ಲಿಯೂ ಒಂದು ಕಾಗದ ಹುಟ್ಟುತ್ತಿತ್ತು. ಸೆಷನ್ಸ್ ನ್ಯಾಯಾಧೀಶರು ಗಲ್ಲು ವಿಧಿಸಿದರೆ ಉಚ್ಚ ನ್ಯಾಯಾಲಯ ಅದನ್ನು ಸ್ಥಿರಪಡಿಸಬೇಕಾಗಿತ್ತು. ಅಲ್ಲಿ ಅದು ಹಲವು ಸಲ ದ್ವೀಪಾಂತರಕ್ಕೆ ಇಳಿಯುತ್ತಿತ್ತು. ಅದೂ ಆಗದಿದ್ದರೆ ಪ್ರಾಂತ್ಯ ಸರಕಾರಕ್ಕೆ, ಭಾರತ ಸರಕಾರಕ್ಕೆ ದಯಾ ಅರ್ಜಿ. ಗಲ್ಲಿನ ಶಿಕ್ಷೆಯಾದ ಹೆಂಗಸು ಗರ್ಭಿಣಿಯೆಂದು ಕಂಡುಬಂದರೆ ಶಿಕ್ಷೆಯನ್ನು ಮುಂದೂಡಬೇಕು, ಬೇಕಾದರೆ ಆಜೀವ ದ್ವೀಪಾಂತರಕ್ಕೆ ಬದಲಿಸಬಹುದು ಎಂದು 1898ರ ದಂಡಪ್ರಕ್ರಿಯಾ ಸಂಹಿತೆಯ 382ನೆಯ ಕಲಮು ಹೇಳುತ್ತಿತ್ತು. ಮನೆಯಲ್ಲಿ “ಗಲ್ಲಿಗೇರಿಸಿದರು” ಎಂಬ ಮಾತಿದ್ದರೂ ಅದನ್ನು ಕೊನೆಯ ಮಾತೆಂದು ನಂಬಬಾರದು.

ಮುಂಬಯಿ ಉಚ್ಚ ನ್ಯಾಯಾಲಯ 1862ರ ಆಗಸ್ಟಿನಲ್ಲಿ ಸ್ಥಾಪನೆಯಾಯಿತು. ಅದರ ತೀರ್ಪುಗಳಲ್ಲಿ ಕಾನೂನಿನ ಪ್ರಶ್ನೆಯಿದ್ದವು ಮಾತ್ರ ಅಚ್ಚಾದವು. 1876ರಿಂದ ಮುಂದಿನವು ಇಂಡಿಯನ್ ಲಾ ರಿಪೋರ್ಟ್ಸಿನ ಮುಂಬಯಿ ಮಾಲೆಯಲ್ಲಿವೆ ಮತ್ತು ಹಳೆಯ ವಕೀಲರ ಕಪಾಟುಗಳಲ್ಲಿ ಅವು ಈಗಲೂ ಸಿಗುತ್ತವೆ. ಅಲ್ಲಿ ಸರಕಾರದ ಪಕ್ಷಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಹೆಸರಿದೆ: ಮೊದಲು ‘ರೆಗ್’, ಆಮೇಲೆ ‘ಇಂಪರೇಟ್ರಿಕ್ಸ್’, ‘ಕ್ವೀನ್-ಎಂಪ್ರೆಸ್’, 1901ರ ನಂತರ ‘ಕಿಂಗ್-ಎಂಪರರ್’ ಅಥವಾ ‘ಎಂಪರರ್’. ಇದು ತಿಳಿದಿರದಿದ್ದರೆ ಸೂಚಿಯಲ್ಲಿ ಒಂದೇ ಅಕ್ಷರದ ಕೆಳಗೆ ನೋಡಿ ಇಲ್ಲವೆಂದು ಪುಸ್ತಕ ಮುಚ್ಚುತ್ತೀರಿ.

ಕಾರವಾರದ ಕೋರ್ಟಿನ ಬಗ್ಗೆ ಒಂದು ಮಾತು. 1880ರ ದಶಕದ ಆರಂಭದಲ್ಲಿ ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಭಾರತೀಯ ಸಿವಿಲ್ ಸರ್ವಿಸಿಗೆ ಸೇರಿದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು. ಅವರ ತಮ್ಮ ರವೀಂದ್ರನಾಥರು ಅಲ್ಲಿಗೆ ಬಂದು ಕಡಲನ್ನು ನೋಡಿ ಆನಂದಿಸಿದ್ದನ್ನು ಕಾರವಾರದವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ, ಕಡಲತೀರಕ್ಕೆ ಅವರ ಹೆಸರನ್ನೂ ಇಟ್ಟಿದ್ದಾರೆ. ಅದೇ ಕಡಲನ್ನು ದಾಟಿಸುವ ಆಜ್ಞೆಗೆ ಸಹಿ ಹಾಕುವ ಅಧಿಕಾರ ಅಣ್ಣನ ಕುರ್ಚಿಗಿತ್ತು ಎಂಬುದು ನನಗೆ ಆ ತೀರದಲ್ಲಿ ನಡೆಯುವಾಗಲೆಲ್ಲ ನೆನಪಾಗುತ್ತದೆ. ಇನ್ನು ಕೋರ್ಟಿನ ಹಳೆಯ ಕ್ರಿಮಿನಲ್ ಕಡತಗಳನ್ನು ನಿಗದಿತ ಅವಧಿಯ ನಂತರ ನಾಶಮಾಡುವ ನಿಯಮವಿರುವುದರಿಂದ ಜಿಲ್ಲೆಯಲ್ಲಿ ಪೂರ್ಣ ಕಡತ ಸಿಗುವ ಆಸೆಯನ್ನು ಇಟ್ಟುಕೊಳ್ಳಬೇಡಿ. ಲಿಖಿತ ಅರ್ಜಿ ಕೊಟ್ಟು ರಿಜಿಸ್ಟರು ಉಳಿದಿದೆಯೇ ಎಂದು ಕೇಳಬಹುದು, ಅಷ್ಟೆ. ಒಂದು ಕಚೇರಿಯಲ್ಲಿ ನನಗೆ ಬಾಯಿಮಾತಿನಲ್ಲಿ “ಇಲ್ಲ” ಎಂದವರೇ, ಅರ್ಜಿಯ ಮೇಲೆ “ಇಲ್ಲ” ಎಂದು ಬರೆದುಕೊಡಿ ಎಂದಾಗ ಒಳಗೆ ಹೋಗಿ ಹುಡುಕಿ ಬಂದರು.

ಸಂಪುಟಗಳ ನಡುವೆ

ಮುಂಬಯಿಯ ಪತ್ರಾಗಾರದಲ್ಲಿ ನಿಮಗೆ ಬೇಕಾದದ್ದು ಜುಡಿಶಿಯಲ್ ಡಿಪಾರ್ಟ್‌ಮೆಂಟ್. ಅದರ ಕಾಗದಗಳು ಇಸವಿ, ಸಂಪುಟ, ಕಂಪೈಲೇಶನ್ (ಒಂದು ವಿಷಯದ ಕಾಗದಗಳ ಕಂತೆ) ಎಂಬ ಕ್ರಮದಲ್ಲಿವೆ. ಗುರುತಿನ ಚೀಟಿ ಮತ್ತು ಉದ್ದೇಶ ತಿಳಿಸುವ ಪತ್ರದೊಂದಿಗೆ ಪ್ರವೇಶ ಪಡೆದು, ಮೊದಲು ಆ ಇಸವಿಯ ಸೂಚಿಯನ್ನು ತರಿಸಿಕೊಳ್ಳಿ. ಅಲ್ಲಿ ಹೆಂಗಸಿನ ಹೆಸರನ್ನು ಹುಡುಕುವ ಮೊದಲು ‘ಕೈದಿಗಳು’, ‘ದ್ವೀಪಾಂತರ’, ‘ಜೈಲುಗಳು’, ‘ಅರ್ಜಿಗಳು’, ‘ಕೆನರಾ’ ಎಂಬ ತಲೆಬರಹಗಳ ಕೆಳಗೆ ನೋಡಬೇಕು. ಶಿಕ್ಷೆಯ ಇಸವಿಯ ಜೊತೆಗೆ ಮುಂದಿನ ಇಸವಿಯನ್ನೂ ತಪ್ಪದೆ ನೋಡಿ. ಉಚ್ಚ ನ್ಯಾಯಾಲಯದ ಮಂಜೂರಾತಿಗೆ ತಿಂಗಳುಗಳು ಹಿಡಿಯುತ್ತಿದ್ದವು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಬಂದರುಗಳಿಂದ ಹಡಗಿನ ಓಡಾಟವೇ ನಿಲ್ಲುತ್ತಿತ್ತು. ಚೈತ್ರದಲ್ಲಿ ಶಿಕ್ಷೆಯಾದವಳು ದೀಪಾವಳಿಯವರೆಗೂ ಕಾರವಾರದ ಜೈಲಿನಲ್ಲಿಯೇ ಇದ್ದಿರಬಹುದು.

ಪತ್ರವ್ಯವಹಾರದಲ್ಲಿ ಠಾಣೆ ಅಥವಾ ಯೆರವಡಾ ಜೈಲಿನ ಹೆಸರು ಕಂಡರೆ ಅಲ್ಲಿ ನಿಲ್ಲಿ. ಜಿಲ್ಲಾ ಜೈಲಿನಿಂದ ಹೊರಟ ಕೈದಿ ನೇರವಾಗಿ ಹಡಗು ಹತ್ತುತ್ತಿರಲಿಲ್ಲ, ನಡುವೆ ದೊಡ್ಡ ಜೈಲೊಂದರಲ್ಲಿ ಕಾಯಬೇಕಾಗಿತ್ತು. ರೈಲು ಬಂದ ಮೇಲೆ ಹೊರಡುವ ಬಂದರು ಮುಂಬಯಿಯೇ ಆಗಬೇಕೆಂದೂ ಇರಲಿಲ್ಲ: 1911ರಲ್ಲಿ ವಿನಾಯಕ ದಾಮೋದರ ಸಾವರ್ಕರರನ್ನು ಠಾಣೆಯಿಂದ ರೈಲಿನಲ್ಲಿ ಮದ್ರಾಸಿಗೆ ಒಯ್ದು, ಅಲ್ಲಿಂದ ‘ಮಹಾರಾಜಾ’ ಹಡಗಿನಲ್ಲಿ ಪೋರ್ಟ್ ಬ್ಲೇರಿಗೆ ಕಳುಹಿಸಿದರು. ಆದ್ದರಿಂದ ಮುಂಬಯಿಯ ಹಡಗುಗಳ ಪಟ್ಟಿಯಲ್ಲಿ ಕಾಣಲಿಲ್ಲವೆಂದು ಅವಳು ಹೋಗಲೇ ಇಲ್ಲವೆಂದು ತೀರ್ಮಾನಿಸಬಾರದು.

ಕೈದಿಯ ಜೊತೆಯಲ್ಲಿ ಹೋಗುತ್ತಿದ್ದ ಚಹರೆಪಟ್ಟಿ ಸಿಕ್ಕರೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಹೆಸರು, ವಯಸ್ಸು, ಜಾತಿ, ಊರು, ಕಲಮು, ಶಿಕ್ಷೆಯ ತಾರೀಖು ಇವುಗಳ ಜೊತೆಗೆ ದೇಹದ ಗುರುತುಗಳ ಅಂಕಣ ಅದರಲ್ಲಿರುತ್ತದೆ: ಮೊಣಕೈಯ ಹಚ್ಚೆ, ಹುಬ್ಬಿನ ಮೇಲಿನ ಗಾಯ, ಸಿಡುಬಿನ ಕಲೆ. ವಯಸ್ಸನ್ನು ಮಾತ್ರ ಅಂದಾಜೆಂದೇ ತಿಳಿಯಬೇಕು. 25, 30, 40 ಎಂಬ ದುಂಡು ಸಂಖ್ಯೆಗಳು ಹೆಚ್ಚಾಗಿ ಕಾಣುತ್ತವೆ. ಹಚ್ಚೆಯ ಬಗ್ಗೆ ಒಂದು ವಿವೇಕ ಅಗತ್ಯ. ನಮ್ಮ ಕಡೆಯ ಹೆಂಗಸರು ತಾವಾಗಿಯೇ ಹಾಕಿಸಿಕೊಳ್ಳುತ್ತಿದ್ದ ಹಚ್ಚೆ ಒಂದು. ಕೈದಿಯ ಹಣೆಯ ಮೇಲೆ ಸರಕಾರವೇ ಅಕ್ಷರ ಚುಚ್ಚಿಸುತ್ತಿದ್ದ ‘ಗೋದ್ನಾ’ ಇನ್ನೊಂದು. ಎರಡನೆಯದು 1849ರಲ್ಲಿ ರದ್ದಾಯಿತು. ಕೈಬರಹ ಓದಲು ಕಷ್ಟವಾದರೆ ಅದೇ ಗುಮಾಸ್ತ ಬರೆದ ಪಕ್ಕದ ಪುಟವನ್ನು ಓದಿ ಅವನ ‘ಎನ್’ ಮತ್ತು ‘ಯು’ ಯಾವುದೆಂದು ತಿಳಿದುಕೊಂಡು ಹಿಂದಿರುಗಿ ಬನ್ನಿ. ಕಾರವಾರ, ಹಳಿಯಾಳದ ಕಡೆಯ ಲಗತ್ತುಗಳಲ್ಲಿ ಮರಾಠಿಯನ್ನು ಹಿಂದೆ ಬರೆಯುತ್ತಿದ್ದ ಮೋಡಿ ಲಿಪಿಯ ಹಾಳೆಗಳೂ ಎದುರಾಗಬಹುದು. ಅವನ್ನು ಓದುವವರನ್ನು ಮುಂಬಯಿ, ಪುಣೆಗಳಲ್ಲಿ ಕೇಳಿದರೆ ಸಿಗುತ್ತಾರೆ.

ಪೋರ್ಟ್ ಬ್ಲೇರಿನ ಲೆಕ್ಕ

ಅಂಡಮಾನಿಗೆ ಹೋದಳೆಂದು ಖಚಿತವಾದ ಮೇಲೆ ಹಲವರು ಮಾಡುವ ಮೊದಲ ಕೆಲಸ ವಿಮಾನದ ಟಿಕೆಟು ತೆಗೆಸಿ ಸೆಲ್ಯುಲರ್ ಜೈಲಿಗೆ ಹೋಗಿ ಗೋಡೆಯ ಮೇಲಿನ ಹೆಸರುಗಳನ್ನು ಓದುವುದು. ಅಲ್ಲಿ ಅವಳು ಸಿಗುವುದಿಲ್ಲ. ಆ ಕಟ್ಟಡ 1896ರಿಂದ 1906ರ ನಡುವೆ ಕಟ್ಟಿದ್ದು, ಅದು ಗಂಡಸರದ್ದು. ಹೆಂಗಸರ ಜೈಲು ಇದ್ದದ್ದು ಸೌತ್ ಪಾಯಿಂಟಿನಲ್ಲಿ. ಅಲ್ಲಿ ನೂಲುವ, ನೇಯುವ ಕೆಲಸ ಅವರದಾಗಿತ್ತು. ಪೋರ್ಟ್ ಬ್ಲೇರಿನ ಸ್ಥಳೀಯ ಕಚೇರಿಗಳ ಕಾಗದಗಳಲ್ಲಿ ಬಹುಭಾಗ 1942ರಿಂದ 1945ರವರೆಗಿನ ಜಪಾನೀಯರ ಆಕ್ರಮಣದ ಕಾಲದಲ್ಲಿ ನಾಶವಾದ್ದರಿಂದ ಮೊದಲು ದೆಹಲಿಯನ್ನು ನೋಡಬೇಕು.

ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಹೋಮ್ ಡಿಪಾರ್ಟ್‌ಮೆಂಟಿನ ಪೋರ್ಟ್ ಬ್ಲೇರ್ ಶಾಖೆ ಎಂದೇ ಒಂದು ಸರಣಿಯಿದೆ. ‘ಅಭಿಲೇಖ ಪಟಲ’ ಎಂಬ ಅದರ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡು ಮನೆಯಿಂದಲೇ ಶೀರ್ಷಿಕೆಗಳನ್ನು ಹುಡುಕಬಹುದು. ಇಂಗ್ಲಿಷಿನಲ್ಲಿ ‘ಫೀಮೇಲ್ ಕನ್ವಿಕ್ಟ್’, ‘ಪೋರ್ಟ್ ಬ್ಲೇರ್’, ‘ರಿಲೀಸ್’ ಎಂಬ ಶಬ್ದಗಳನ್ನು ಇಸವಿಯೊಂದಿಗೆ ಕೊಟ್ಟು, ಆಮೇಲೆ ಜಿಲ್ಲೆಯ ಹೆಸರಿನ ಎಲ್ಲ ಬರಹಗಳನ್ನೂ ಒಂದೊಂದಾಗಿ ಹಾಕಿ ನೋಡಿ. ನಡವಳಿಗಳನ್ನು ‘ಎ’ ಮತ್ತು ‘ಬಿ’ ಎಂದು ವಿಂಗಡಿಸಿದ್ದಾರೆ. ಮುಖ್ಯವೆಂದು ಕಂಡದ್ದನ್ನು ‘ಎ’ಯಲ್ಲಿ ಅಚ್ಚು ಹಾಕಿಸಿದರು. ಒಬ್ಬೊಂಟಿ ಹೆಂಗಸಿನ ಬಿಡುಗಡೆಯ ಅರ್ಜಿ ಯಾವ ಅಧಿಕಾರಿಗೂ ಮುಖ್ಯವಾಗಿ ಕಂಡಿರಲಾರದು. ‘ಬಿ’ಯನ್ನು ಬಿಡಬೇಡಿ.

ಯಾವ ಇಸವಿ ಕೊಡಬೇಕೆಂಬುದಕ್ಕೆ ಒಂದು ಲೆಕ್ಕವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಜಾರಿಯಲ್ಲಿದ್ದ ನಿಯಮದಂತೆ ಹೆಂಗಸೊಬ್ಬಳು ನೆಲೆಗೆ ಬಂದು ಐದು ವರ್ಷವಾದ ಮೇಲೆ ಮದುವೆಗೆ ಅಥವಾ ಮನೆಗೆಲಸಕ್ಕೆ ಅರ್ಹಳಾಗುತ್ತಿದ್ದಳು. ಸ್ವಂತ ದುಡಿಮೆಯ ಅನುಮತಿ ಪಡೆದ ಕೈದಿ ಗಂಡಸು ಅಧಿಕಾರಿಗಳ ಒಪ್ಪಿಗೆಯಿಂದ ಅವಳನ್ನು ಮದುವೆಯಾಗಬಹುದಾಗಿತ್ತು. ಮದುವೆಯಾದವಳು ಹದಿನೈದು ವರ್ಷಗಳ ನಂತರ ಗಂಡನೊಂದಿಗೆ ನೆಲೆಯನ್ನು ಬಿಡಬಹುದಾಗಿತ್ತು. ಮದುವೆಯಾಗದವಳು ಇಪ್ಪತ್ತು ವರ್ಷ ಇರಲೇಬೇಕಾಗಿತ್ತು. ಹೀಗಾಗಿ 1885ರಲ್ಲಿ ಹೋದವಳಿಗಾಗಿ 1890ರ ಸುತ್ತಮುತ್ತ, 1900, 1905 ಈ ಮೂರು ಕಡೆ ಬಲೆ ಹಾಕಬೇಕು. ಕೈದಿಗಳು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಮರದ ಬಿಲ್ಲೆಯ ಮೇಲೆ ಅವರ ಸಂಖ್ಯೆ, ಕಲಮು, ಶಿಕ್ಷೆಯ ತಾರೀಖು ಇರುತ್ತಿದ್ದವು. ಆ ಸಂಖ್ಯೆ ನಿಮಗೆ ಒಂದೇ ಒಂದು ಕಾಗದದಲ್ಲಿ ಸಿಕ್ಕರೂ ಸಾಕು, ಹೆಸರು ಹೇಗೆ ಕೆಟ್ಟಿದ್ದರೂ ಮುಂದಿನ ಕಾಗದಗಳನ್ನು ಅದರಿಂದ ಹೊಂದಿಸಬಹುದು. ಮದುವೆಯಾಗಿದ್ದರೆ ಅವಳ ‘ಕೋಂ’ ನಂತರದ ಹೆಸರೇ ಬದಲಾಗಿರುತ್ತದೆ ಮತ್ತು ಹೊಸ ಗಂಡ ಪಂಜಾಬಿನವನೋ ಬಂಗಾಳದವನೋ ಆಗಿರಬಹುದು. ಅಂಥ ದಂಪತಿಗಳ ಮಕ್ಕಳ ಸಂತತಿಯೇ ಇಂದು ಅಲ್ಲಿ ‘ಲೋಕಲ್ ಬಾರ್ನ್’ ಎನಿಸಿಕೊಂಡು ಹಿಂದೂಸ್ತಾನಿ ಮಾತಾಡುತ್ತದೆ. ಅವಳು ಮರಳಿ ಬಾರದೆ ಇದ್ದುದಕ್ಕೆ ಸಾವೊಂದೇ ಕಾರಣವಾಗಿರಬೇಕಾಗಿಲ್ಲ. ಹಾಗೆಯೇ 1921ರ ಹೊತ್ತಿಗೆ ಅಂಡಮಾನಿಗೆ ಕೈದಿಗಳನ್ನು ಸಾಗಿಸುವುದನ್ನು ನಿಲ್ಲಿಸುವ ತೀರ್ಮಾನವಾಗಿತ್ತು. ಅನಂತರ ದ್ವೀಪಾಂತರವೆಂದು ಶಿಕ್ಷೆಯಾದ ಹೆಂಗಸನ್ನು ಪ್ರಾಂತ್ಯದ ಜೈಲುಗಳಲ್ಲಿಯೇ ಹುಡುಕಬೇಕು. ದ್ವೀಪಾಂತರ ಎಂಬ ಹೆಸರು ಮಾತ್ರ ದಂಡಸಂಹಿತೆಯಲ್ಲಿ 1955ರ ತಿದ್ದುಪಡಿಯವರೆಗೂ ಉಳಿದಿತ್ತು.

ಪ್ರತಿ ಮತ್ತು ವಂಶಾವಳಿ

ಪ್ರತಿಗೆ ಅರ್ಜಿ ಕೊಡುವಾಗ ನಿಮಗೆ ಬೇಕಾದ ಒಂದು ಪುಟವನ್ನಷ್ಟೇ ಕೇಳದೆ ಅದರ ಹಿಂದಿನ, ಮುಂದಿನ ಪುಟಗಳನ್ನೂ ಕೇಳಿ; ಸಾಕ್ಷಿಗಳ ಹೇಳಿಕೆಯಲ್ಲಿಯೇ ನೆರೆಹೊರೆಯವರ ಹೆಸರು, ಮನೆಯ ಜಾಗ, ಬಾವಿಯ ದಿಕ್ಕು ಇರುತ್ತದೆ, ಊರಿನಲ್ಲಿ ಹೋಗಿ ನಿಂತು ಹೊಂದಿಸಿ ನೋಡಲು ಬರುವುದು ಅದೇ. ಪ್ರತಿ ಕೈಗೆ ಬಂದ ಕೂಡಲೇ ಅದರ ಹಿಂದೆ ಪೆನ್ಸಿಲಿನಿಂದ ಪತ್ರಾಗಾರ, ಇಲಾಖೆ, ಇಸವಿ, ಸಂಪುಟ, ಕಂಪೈಲೇಶನ್, ಪುಟಸಂಖ್ಯೆಯನ್ನು ಬರೆಯಬೇಕು. ನಾಳೆ ಬರೆದರಾಯಿತೆಂದು ಬಿಟ್ಟ ಎರಡು ಪ್ರತಿಗಳು ನನ್ನಲ್ಲಿ ಇನ್ನೂ ಅನಾಥವಾಗಿ ಬಿದ್ದಿವೆ. ಮನೆಯವರಿಗೆ ತೋರಿಸುವ ಮೊದಲು ಆ ಕಡತದಲ್ಲಿ ಇನ್ನೊಂದು ಮನೆಯ ಹೆಸರಿದೆಯೇ ಎಂದು ನೋಡಿಕೊಳ್ಳಿ. ಮಗುವಿನ ತಂದೆಯೆಂದು ಸಾಕ್ಷಿಗಳು ಹೇಳಿದವನ ಮೊಮ್ಮಕ್ಕಳು ನಿಮ್ಮ ಕೇರಿಯಲ್ಲಿಯೇ ಇರಬಹುದು, ಅವರಿಗೆ ಈ ಸಂಗತಿ ತಿಳಿದಿರಲಾರದು.

ವಂಶಾವಳಿಯಲ್ಲಿ ಅವಳನ್ನು ಸೇರಿಸುವಾಗ ತವರಿನ ಹೆಸರನ್ನು ಮೊದಲು ಬರೆದು, ಕೆಳಗೆ ಕೋರ್ಟು ಬರೆದಂತೆ ‘ಕೋಂ’ ಸಹಿತವಾದ ಹೆಸರು, ಶಿಕ್ಷೆಯ ಇಸವಿ, ಕೈದಿ ಸಂಖ್ಯೆ, ಕೊನೆಗೆ ಕಾಣಿಸಿಕೊಂಡ ಸ್ಥಳ ಇಷ್ಟನ್ನು ಬರೆಯಿರಿ. ನಮ್ಮ ಮನೆಯ ಪುಸ್ತಕದಲ್ಲಿ ಮೊದಲ ಸಾಲಿನಲ್ಲಿ ‘ಭಾಗೀ’ ಎಂದು ಬರೆದು ಮುಂದೆ ಎರಡು ಅಕ್ಷರದಷ್ಟು ಜಾಗ ಬಿಟ್ಟಿದ್ದೇನೆ.